ಕಾರಿಗೆ ಪಂಜರ ಕಟ್ಟಿದ ವರ್ಷ

ಕಳೆದ ವಾರ ಶಾಲೆಯ ಕೆಲಸಕ್ಕೆಂದು ಕಾರ್ಕಳಕ್ಕೆ ಹೋಗುವಾಗ ನಾನಿದ್ದ ಬಸ್ಸು ಕುಕ್ಕುಂದೂರಿನ ಹತ್ತಿರ ಒಂದು ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿತು. ಲಾರಿಯ ತುಂಬ ಕಲ್ಲು. ಏರು ಹತ್ತಲಾರದೆ ಒದ್ದಾಡುತ್ತಿತ್ತು. ಸ್ವಲ್ಪ ಹೊತ್ತಿಗೆಲ್ಲ ಕಿಟಕಿಯಿಂದ ಕ್ಲಚ್ ಸುಟ್ಟ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಎಂತ ವಾಸನೆ ಮಾರಾಯ್ರೆ ಇದು" ಎಂದರು. ನಾನು ಮೂಗು ಮುಚ್ಚಲಿಲ್ಲ. ಬಸ್ಸು ನಿಂತಲ್ಲೇ ನಿಂತಿದ್ದರೂ ನನ್ನ ಎರಡೂ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಪಾದ ನೆಲವನ್ನು ಒತ್ತುತ್ತಿತ್ತು, ಅಲ್ಲೊಂದು ಬ್ರೇಕ್ ಇದೆಯೇನೋ ಎಂಬಂತೆ.

ರಸ್ತೆಯ ಬದಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿದ್ದರು. ಈ ವರ್ಷದ ಕಾರ್ ರ‍್ಯಾಲಿಯದ್ದು. ಬೆಂಕಿ ತಾಗದ ಬಟ್ಟೆಯ ಉಡುಪು ತೊಟ್ಟ ಒಬ್ಬ ಚಂದದ ಹುಡುಗ, ಹಿಂದೆ ಬಣ್ಣಬಣ್ಣದ ಸ್ಟಿಕ್ಕರು ಅಂಟಿಸಿದ ಕಾರು. ಹುಡುಗ ನಮ್ಮ ಕಡೆಯವನಲ್ಲ. ಈಗ ಅಲ್ಲಿ ಓಡಿಸುವವರಲ್ಲಿ ನಮ್ಮ ಕಡೆಯವರು ಯಾರೂ ಉಳಿದಿಲ್ಲ. ಲಾರಿ ಹೇಗೋ ಏರು ದಾಟಿತು, ಬಸ್ಸು ಹೊರಟಿತು. ಆ ದಿನವಿಡೀ ನನ್ನ ತಲೆಯಲ್ಲಿ ಆ ಒಂದು ವರ್ಷವೇ ಓಡುತ್ತಿತ್ತು. ಕೊರೊನಾ ಕಳೆದು ಎಲ್ಲರಿಗೂ ಮತ್ತೆ ಬದುಕುವ ಅವಸರ ಹತ್ತಿದ್ದ ವರ್ಷ ಅದು.

ನಾನು ಉಡುಪಿಯ ಕಡಿಯಾಳಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ ಗಂಡ ಜಯಂತ ಕಾಪುವಿನವರು, ಮನೆತನದ ಕಸುಬು ಮೀನು ವ್ಯಾಪಾರ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಮಂಜುಗಡ್ಡೆ ಹಾಕಿ, ವ್ಯಾನಿನಲ್ಲಿ ಕಾರ್ಕಳದ ಮಾರುಕಟ್ಟೆಗೆ ಮುಟ್ಟಿಸುವುದು ಅವರ ಕೆಲಸ. ಮಂಜು ಕರಗುವ ಮೊದಲು ಮುಟ್ಟಬೇಕು. ಮೀನಿನ ವ್ಯಾನಿನವರು ಹೇಗೆ ಓಡಿಸುತ್ತಾರೆಂದು ಈ ಜಿಲ್ಲೆಯಲ್ಲಿ ಸ್ಕೂಟರ್ ಇರುವ ಎಲ್ಲರಿಗೂ ಗೊತ್ತು, ಅವರಿಗೆ ಶಾಪ ಹಾಕದವರಿಲ್ಲ. ಮದುವೆಗೆ ಮುಂಚೆ ನಾನೂ ಹಾಕಿದವಳೇ. ಆಮೇಲೆ ಅಂಥವರ ಪಕ್ಕದಲ್ಲೇ ಕೂತು, ಇನ್ನೂ ಬೇಗ ಹೋಗಲು ದಾರಿ ಹೇಳುವವಳಾದೆ. ಹಣೆಬರಹ ಎನ್ನುವುದು ಇದಕ್ಕೇ ಇರಬೇಕು.

ರ‍್ಯಾಲಿಯಲ್ಲಿ ಚಾಲಕನ ಪಕ್ಕ ಒಬ್ಬರು ಕೂತು, ಮುಂದೆ ಬರುವ ತಿರುವುಗಳನ್ನು ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಿ ಹೇಳುತ್ತಿರಬೇಕು. ಅವರನ್ನು ನ್ಯಾವಿಗೇಟರ್ ಎನ್ನುತ್ತಾರೆ. ಕುಲುಕಾಡುವ ಕಾರಿನಲ್ಲಿ ತಲೆ ಬಗ್ಗಿಸಿ ಓದಿದರೆ ಹೆಚ್ಚಿನವರಿಗೆ ವಾಂತಿ ಬರುತ್ತದೆ. ಕಾಪುವಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದಿ ತಿದ್ದಿ ನನಗೆ ಆ ತೊಂದರೆ ಇರಲಿಲ್ಲ. "ನಿನ್ನ ಹೊಟ್ಟೆ ದೇವರು ಕೊಟ್ಟದ್ದು" ಎಂದು ಜಯಂತ ಹೊಗಳುತ್ತಿದ್ದರು. ಹೆಂಡತಿಯ ಹೊಟ್ಟೆಯನ್ನು ಹೊಗಳಿದ ಗಂಡ ಬೇರೆ ಯಾರಾದರೂ ಇದ್ದಾರೋ ಗೊತ್ತಿಲ್ಲ.

ಮೊದಲಿಗೆ ಅದು ನಮ್ಮದೇ ಆಟವಾಗಿತ್ತು. ಗ್ಯಾರೇಜಿನವರು, ಫೋಟೋ ಸ್ಟುಡಿಯೋದವರು, ಗಲ್ಫಿನಿಂದ ರಜೆಗೆ ಬಂದವರು, ಒಬ್ಬ ಹಲ್ಲಿನ ಡಾಕ್ಟರು, ಇಂಥವರ ಒಂದು ಗುಂಪು. ಕೊಯ್ಲು ಮುಗಿದ ಗದ್ದೆಯಲ್ಲಿಯೋ, ಕಲ್ಲು ತೆಗೆದು ಬಿಟ್ಟ ಕೋರೆಯಲ್ಲಿಯೋ, ಗೇರುತೋಟದ ಮಣ್ಣು ರಸ್ತೆಯಲ್ಲಿಯೋ ಸುಣ್ಣದ ಗೆರೆ ಎಳೆದು ಓಡಿಸುವುದು. ಪ್ರವೇಶ ಶುಲ್ಕ ಮದುವೆಗೆ ಕೊಡುವ ಲಕೋಟೆಯಷ್ಟು. ಬೈಕಿನ ಹೆಲ್ಮೆಟ್ಟೇ ಸಾಕು. ಬೆಳಿಗ್ಗೆ ತರಕಾರಿ ತಂದ ಕಾರನ್ನೇ ಮಧ್ಯಾಹ್ನ ಓಡಿಸಿ, ಸಂಜೆ ಅದರಲ್ಲೇ ಅತ್ತೆಯನ್ನು ನಾಮಕರಣಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ಊಟಕ್ಕೆ ಗಂಜಿ, ಒಣಮೀನಿನ ಚಟ್ನಿ, ಉಪ್ಪಿನಕಾಯಿ. ಗೆದ್ದವರು ಸೋತವರಿಗೆ ಪೆಟ್ರೋಲ್ ಹಾಕಿಸಿಕೊಡುವ ರೂಢಿ ಇತ್ತು. ನಮ್ಮದು ಎಂಟುನೂರು ಸಿಸಿಯ ಹಳೆಯ ಬಿಳಿ ಕಾರು. ಅದರಲ್ಲಿ ಸದಾ ಬಂಗುಡೆ ಮೀನಿನ ವಾಸನೆ ಇರುತ್ತಿದ್ದುದರಿಂದ ಯಾರೂ ನಮ್ಮ ಹತ್ತಿರ ಲಿಫ್ಟ್ ಕೇಳುತ್ತಿರಲಿಲ್ಲ.

ಆಮೇಲೆ ವೀಡಿಯೋಗಳು ಬಂದವು. ವೀಡಿಯೋ ನೋಡಿ ಘಟ್ಟದ ಮೇಲಿನವರು ಬಂದರು, ಟ್ರೇಲರ್ ಮೇಲೆ ಕಾರು ಹೇರಿಕೊಂಡು. ಅವರ ಹಿಂದೆ ಜಾಹೀರಾತಿನವರು. ಆ ವರ್ಷ ಜೂನಿನಲ್ಲಿ, ಮಳೆ ಹಿಡಿದ ಒಂದು ಸಂಜೆ ಮಣಿಪಾಲದ ಒಂದು ಸಭಾಂಗಣದಲ್ಲಿ ಎಲ್ಲರನ್ನೂ ಕರೆದು ಹೊಸ ನಿಯಮ ಓದಿದರು. ಅಕ್ಟೋಬರಿನ ರ‍್ಯಾಲಿಗೆ ಪ್ರತಿ ಕಾರಿಗೂ ರೋಲ್ ಕೇಜ್ ಕಡ್ಡಾಯ. ಎಂದರೆ ಕಾರು ಮಗುಚಿದರೆ ಒಳಗಿನವರು ಜಜ್ಜಿಹೋಗದಂತೆ ಉಕ್ಕಿನ ಪೈಪಿನಿಂದ ಕಟ್ಟಿದ ಪಂಜರ. ಜೊತೆಗೆ ಅದರದ್ದೇ ಸೀಟು, ಅದರದ್ದೇ ಹೆಲ್ಮೆಟ್ಟು, ಅದರದ್ದೇ ಬೆಲ್ಟು. ಹಾಲಿನ ಪ್ಯಾಕೆಟ್ಟಿನ ಹಾಗೆ ಆ ಬೆಲ್ಟಿಗೂ ತಾರೀಕು ಉಂಟಂತೆ, ಅದು ಮುಗಿದರೆ ಎಸೆಯಬೇಕಂತೆ. ಹಲ್ಲಿನ ಡಾಕ್ಟರು ಮಾತ್ರ ತಲೆಯಾಡಿಸಿದರು. ಉಳಿದವರು ನೆಲ ನೋಡಿದರು. ಸಿದ್ಧ ಪಂಜರದ ಬೆಲೆ ನಮ್ಮ ಕಾರಿನ ಬೆಲೆಗಿಂತ ಹೆಚ್ಚು.

ನಿಯಮ ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಹಿಂದಿನ ವರ್ಷವಷ್ಟೇ ಘಟ್ಟದ ಮೇಲೆ ಎಲ್ಲಿಯೋ ಒಬ್ಬ ಹುಡುಗ ಮಗುಚಿದ ಕಾರಿನಡಿ ಸಿಕ್ಕಿ ಸತ್ತುಹೋಗಿದ್ದ. ಜೀವ ಉಳಿಸುವ ನಿಯಮಕ್ಕೆ ಎದುರಾಡುವ ಬಾಯಿ ಯಾರಿಗಿದೆ? ಆದರೆ ಅದನ್ನು ಓದಿದವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ದುಡ್ಡಿದ್ದವನು ನಿಯಮದ ಪ್ರಕಾರ ಪಂಜರ ಕೊಂಡುಕೊಳ್ಳುತ್ತಾನೆ, ಆಸೆ ಇಲ್ಲದವನು ಮನೆಗೆ ಹೋಗುತ್ತಾನೆ. ದುಡ್ಡಿಲ್ಲದೆ ಆಸೆ ಮಾತ್ರ ಇರುವವನು ಪಂಜರದ ಹಾಗೆ ಕಾಣುವುದನ್ನು ಮಾಡಿಸುತ್ತಾನೆ. ನನ್ನ ಗಂಡ ಈ ಮೂರನೆಯ ಜಾತಿ.

ಅಂದು ಮನೆಗೆ ಮುಟ್ಟುವ ಮೊದಲೇ, ಉದ್ಯಾವರದ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿ ಜಯಂತ ಹೇಳಿದರು, "ಮಾವನ ಹತ್ತಿರ ಮಾಡಿಸುವ."

ಮಾವ ಎಂದರೆ ಅವರ ತಾಯಿಯ ತಮ್ಮ, ಸದಾಶಿವ ಮಾವ. ಉದ್ಯಾವರದ ಹೊಳೆಬದಿಯಲ್ಲಿ ಬೋಟು ಕಟ್ಟುವ ಯಾರ್ಡಿನಲ್ಲಿ ವೆಲ್ಡಿಂಗ್ ಕೆಲಸ. ಜಯಂತರ ತಂದೆ ಬೇಗ ತೀರಿಕೊಂಡಿದ್ದರು, ಸಾಕಿದ್ದೆಲ್ಲ ಈ ಮಾವನೇ. ನಮ್ಮಲ್ಲಿ ಅಮ್ಮನ ಕಡೆಯ ಮಾವನಿಗೆ ಅಪ್ಪನಿಗಿಂತ ಒಂದು ಹಿಡಿ ಹೆಚ್ಚೇ ಅಧಿಕಾರ. ಅವರ ಮಾತಿಗೆ ಎದುರು ಮಾತಿಲ್ಲ, ಅವರ ಕೆಲಸಕ್ಕೆ ಹೆಸರಿಡುವುದಂತೂ ಇಲ್ಲವೇ ಇಲ್ಲ. ಬೋಟಿನ ಮಾಲಕರು ಸಹ ಸದಾಶಿವಣ್ಣ ಹೇಳಿದ ದಿನಕ್ಕೇ ಕಾದು ಕೂರುತ್ತಿದ್ದರು.

ಜೂನು ಜುಲೈಯಲ್ಲಿ ಬೋಟುಗಳು ಕಡಲಿಗೆ ಹೋಗುವುದಿಲ್ಲ, ದುರಸ್ತಿಗೆ ದಡ ಹತ್ತುತ್ತವೆ. ಮಾವನಿಗೆ ಉಸಿರಾಡಲೂ ಪುರುಸೊತ್ತಿಲ್ಲದ ತಿಂಗಳುಗಳು. ಆಗಸ್ಟಿನಲ್ಲಿ ಬೋಟುಗಳೆಲ್ಲ ನೀರಿಗಿಳಿದ ಮೇಲೆ ನಮ್ಮ ಕಾರು ಯಾರ್ಡಿಗೆ ಹೋಯಿತು. ಆ ವರ್ಷ ಮಳೆ ಹೋಗುವ ಲಕ್ಷಣವೇ ಕಾಣಲಿಲ್ಲ. ಚೌತಿ ಕಳೆದರೂ ಆಕಾಶ ಬಿಡಲಿಲ್ಲ. ಕಾಪುವಿನ ದೀಪಸ್ತಂಭದ ಬುಡಕ್ಕೆ ಅಲೆ ಬಡಿಯುವ ಸದ್ದು ಅಷ್ಟು ದೂರದ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಅತ್ತೆ ಅದನ್ನು ಕೇಳುತ್ತ, "ಈ ವರ್ಷ ಯಾಕೋ ಕಡಲಿಗೆ ಸಮಾಧಾನ ಇಲ್ಲ" ಎನ್ನುವರು. ನನಗೂ ಸಮಾಧಾನ ಇರಲಿಲ್ಲ. ಕಾರಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮಾವ ಕೂಲಿ ತೆಗೆದುಕೊಳ್ಳಲಿಲ್ಲ. ಪೈಪು ಮಾತ್ರ ನಿಯಮದಲ್ಲಿ ಹೇಳಿದ್ದನ್ನೇ ತರಿಸಿದ್ದರು. ಅದಕ್ಕೇ ನಾನು ಶಾಲೆಯ ಸೊಸೈಟಿಯಲ್ಲಿ ಸಾಲ ಎತ್ತಿದ್ದೆ. ದಿನವೂ ಸಂಜೆ ಬಸ್ಸಿಳಿದು ಯಾರ್ಡಿಗೆ ಹೋಗಿ ನೋಡುತ್ತಿದ್ದೆ. ಅರ್ಧ ಕಟ್ಟಿದ ಬೋಟುಗಳ ನಡುವೆ ನಮ್ಮ ಸಣ್ಣ ಕಾರು. ಮಾವ ಒಳಗೆ ಬಗ್ಗಿ ಕೂತು ಬೆಸೆಯುವರು, ಆರಿದ ಮೇಲೆ ಗ್ರೈಂಡರ್ ಹಿಡಿದು ಬೆಸುಗೆಯ ಗಂಟನ್ನೆಲ್ಲ ಉಜ್ಜಿ ಉಜ್ಜಿ ನುಣ್ಣಗೆ ಮಾಡುವರು. ಬೋಟಿನವರಿಗೆ ಅದೇ ಪಾಠ. ಬೆಸುಗೆಯ ಒಂದು ಮೊನಚು ಉಳಿದರೂ ಬಲೆ ಅದಕ್ಕೆ ಸಿಕ್ಕಿ ಹರಿಯುತ್ತದೆ, ಹಗ್ಗ ಎಳೆಯುವವರ ಅಂಗೈ ಸೀಳುತ್ತದೆ. ಹಾಗಾಗಿ ಮಾವನ ಹತ್ತಿರ ಒಂದು ಹಳೆಯ ನೈಲಾನ್ ಬಲೆಯ ತುಂಡು ಯಾವಾಗಲೂ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಅದನ್ನು ಬೆಸುಗೆಯ ಮೇಲೆ ಎಳೆದು ನೋಡುವರು. ಎಲ್ಲಿಯೂ ಸಿಕ್ಕದೆ ಜಾರಿ ಬಂದರೆ ಕೆಲಸ ಮುಗಿಯಿತು ಎಂದರ್ಥ.

ನಮ್ಮ ಪಂಜರಕ್ಕೂ ಹಾಗೆಯೇ ಮಾಡಿದರು. ಬಲೆಯ ತುಂಡು ಒಂದೊಂದು ಗಂಟಿನ ಮೇಲೂ ರೇಷ್ಮೆ ಸೀರೆಯ ಮೇಲೆ ಹೋದಂತೆ ಹೋಯಿತು. ಎಲ್ಲಿ ಪೈಪು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಎಂದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

"ನೋಡು ಮಗಾ," ಎಂದು ನನ್ನನ್ನು ಕರೆದು ತೋರಿಸಿದರು. "ನಿನ್ನ ಸೀರೆ ತಾಗಿದರೂ ಒಂದು ನೂಲು ಏಳಲಿಕ್ಕಿಲ್ಲ."

"ರ‍್ಯಾಲಿಗೆ ಸೀರೆ ಉಡುವುದಿಲ್ಲ ಮಾವ," ಎಂದೆ.

"ಉಟ್ಟುಕೊಂಡು ಹೋಗು. ಅಷ್ಟು ಧೈರ್ಯ ನನಗುಂಟು."

ಬೋಟು ಇಳಿಸುವಾಗ ಮಾಡುವ ಹಾಗೆಯೇ ಕಾರಿಗೆ ಹೂ ಹಾಕಿ, ತೆಂಗಿನಕಾಯಿ ಒಡೆದು, ಚಕ್ರದಡಿಗೆ ಲಿಂಬೆಹಣ್ಣು ಇಟ್ಟರು. ಜಯಂತ ಮಾವನ ಕಾಲು ಮುಟ್ಟಿದರು. ಅವರಿಬ್ಬರ ಮುಖ ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಆ ವರ್ಷದಲ್ಲಿ ಕೊನೆಯ ಸಲ ಮನಸ್ಸು ಹಗುರವಾಗಿದ್ದು ಅಂದೇ.

ರ‍್ಯಾಲಿಗೆ ಒಂದು ವಾರ ಇರುವಾಗ ಕಾರನ್ನು ಮಣಿಪಾಲಕ್ಕೆ, ಪ್ರಸಾದಣ್ಣನ ಮನೆಗೆ ಒಯ್ದೆವು. ಪ್ರಸಾದಣ್ಣ ನಮ್ಮ ಹಳೆಯ ಗುಂಪಿನವರೇ, ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕೆಲಸ. ಸ್ಪರ್ಧೆಯ ದಿನ ಕಾರುಗಳ ತಪಾಸಣೆ ಅವರದ್ದೇ. ಮೊದಲೇ ಒಮ್ಮೆ ತೋರಿಸಿದರೆ ಅಂದು ತಕರಾರಿರುವುದಿಲ್ಲ ಎಂದು ಜಯಂತರ ಲೆಕ್ಕ. ಪ್ರಸಾದಣ್ಣ ಟಾರ್ಚು ಹಿಡಿದು ಒಳಗೆ ತಲೆ ಹಾಕಿದರು. ಪೈಪಿನ ದಪ್ಪ ಅಳೆದರು, ಸರಿ ಎಂದರು. ಆಮೇಲೆ ಚಾಲಕನ ತಲೆಯ ಮೇಲಿನ ಗಂಟಿನ ಮೇಲೆ ಬೆರಳಾಡಿಸಿದರು. ಇನ್ನೊಂದು ಗಂಟು ಮುಟ್ಟಿದರು. ಮತ್ತೊಂದು. ಹೊರಗೆ ಬಂದು ಟಾರ್ಚು ಆರಿಸಿದರು.

"ಇದನ್ನು ಯಾರು ಉಜ್ಜಿದ್ದು?"

"ಮಾವ," ಎಂದರು ಜಯಂತ ಹೆಮ್ಮೆಯಿಂದ. "ಹೇಗುಂಟು?"

"ಪೈಪು ಒಳ್ಳೆಯದುಂಟು ಮಾರಾಯ. ಬೆಸುಗೆಯೂ ಒಳ್ಳೆಯದಿತ್ತು. ಇತ್ತು." ಅವರು ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿದರು. "ಇಷ್ಟು ತೆಳು ಪೈಪಿನಲ್ಲಿ ಬಲ ಇರುವುದೇ ಮೇಲಕ್ಕೆ ಉಬ್ಬಿದ ಆ ಗಂಟಿನಲ್ಲಿ. ಅದನ್ನೇ ತೆಗೆದುಬಿಟ್ಟಿದ್ದಾರೆ. ಈಗ ಒಳಗೆ ಎಷ್ಟು ಉಳಿದಿದೆ ಅಂತ ನಾನು ಹೇಳಲಾರೆ. ಯಾರೂ ಹೇಳಲಾರರು. ಎಲ್ಲ ಗಂಟಿಗೂ ಮತ್ತೆ ಬೆಸುಗೆ ಹಾಕಿಸು, ಉಜ್ಜಬೇಡ ಅಂತ ಹೇಳು. ಹಾಗೆಯೇ ಓಡಿಸಬೇಡ."

ಜಯಂತ ನಕ್ಕರು. ಬಾಯಲ್ಲಿ ಮಾತ್ರ.

ಮಣಿಪಾಲದಿಂದ ಕಾಪುವರೆಗೆ ಕಾರಿನಲ್ಲಿ ಜಗಳ. ನಾನು ಹೇಳಿದ್ದು ಇಷ್ಟೇ: ಉದ್ಯಾವರ ದಾರಿಯಲ್ಲೇ ಸಿಗುತ್ತದೆ, ಈಗಲೇ ಹೋಗಿ ಮಾವನಿಗೆ ಹೇಳುವ.

"ಎಂತ ಹೇಳುವುದು? ನಿಮ್ಮ ವೆಲ್ಡಿಂಗ್ ಸರಿ ಇಲ್ಲ ಅಂತಲಾ? ಅದೂ ಬೇರೆಯವರ ಬಾಯಿಂದ ಕೇಳಿ ಬಂದು?"

"ವೆಲ್ಡಿಂಗ್ ಸರಿ ಉಂಟು, ಉಜ್ಜಿದ್ದು ಹೆಚ್ಚಾಯಿತು ಅಂತ ಹೇಳಿ."

"ಎರಡೂ ಒಂದೇ ಸುಮಾ. ಕಡಲಿನಲ್ಲಿ ನಿಲ್ಲುವ ಬೋಟು ಕಟ್ಟುವವರಿಗೆ ನಾನು ಕಾರಿನದ್ದು ಕಲಿಸಲಾ? ಅವರು ಮತ್ತೆ ಆ ವೆಲ್ಡಿಂಗ್ ಹೋಲ್ಡರ್ ಕೈಯಲ್ಲಿ ಹಿಡಿಯಲಿಕ್ಕಿಲ್ಲ."

"ಬೇರೆ ಕಡೆ ಮಾಡಿಸಿ ಹಾಗಾದರೆ."

"ಬೇರೆ ಕಡೆ ಮಾಡಿಸಿದ್ದು ಉದ್ಯಾವರಕ್ಕೆ ಸಂಜೆಯೊಳಗೆ ಮುಟ್ಟುತ್ತದೆ."

ಅದು ಸುಳ್ಳಲ್ಲ. ನಮ್ಮ ಊರಿನಲ್ಲಿ ಮೀನಿಗಿಂತ ಬೇಗ ಹಳಸುವುದು ಗುಟ್ಟು. ಉದ್ಯಾವರದ ಸೇತುವೆ ಬಂತು, ಹೋಯಿತು. ಅವರು ಗಾಡಿ ನಿಲ್ಲಿಸಲಿಲ್ಲ. ಈ ಸಲ ಓಡಿಸುವುದು ಹೆಸರಿಗೆ ಮಾತ್ರ, ನಿಧಾನ ಹೋಗುತ್ತೇನೆ, ಮುಗಿದ ಮೇಲೆ ಮಾವನಿಗೆ ನಾನೇ ಹೇಳುತ್ತೇನೆ ಎಂದು ನನ್ನ ತಲೆ ಮುಟ್ಟಿ ಹೇಳಿದರು. ಪ್ರಸಾದಣ್ಣನಿಗೂ ಅದನ್ನೇ ಹೇಳಿ, ಹಳೆಯ ಸ್ನೇಹದ ಭಾರ ಹಾಕಿ ಒಪ್ಪಿಸಿದರು. ನಾನು ಕೂರುವುದೋ ಬೇಡವೋ ಎಂದು ವಾರವೆಲ್ಲ ಯೋಚಿಸಿದೆ. ಪಕ್ಕದಲ್ಲಿ ನಾನಿದ್ದರೆ ಕಾಲು ಹಗುರವಾಗಿ ಇಡುತ್ತಾರೆ, ಬೇರೆ ಯಾರಾದರೂ ಕೂತರೆ ಇಲ್ಲ. ಹಾಗಾಗಿ ಕೂರುವುದೆಂದು ತೀರ್ಮಾನಿಸಿದೆ.

ರ‍್ಯಾಲಿ ನಡೆಯುವ ಕುಕ್ಕುಂದೂರಿನ ಗೇರುತೋಟ ನನಗೆ ಅಂಗೈಯಷ್ಟೇ ಪರಿಚಯ. ಅಂದು ಮಾತ್ರ ಗುರುತು ಸಿಗಲಿಲ್ಲ. ದೊಡ್ಡ ಡೇರೆಗಳು, ಜನರೇಟರ್ ಸದ್ದು, ಗಾಳಿ ತುಂಬಿಸಿ ಕಮಾನಿನ ಹಾಗೆ ನಿಲ್ಲಿಸಿದ ಚೀಲಗಳು. ಟ್ರೇಲರಿನವರ ಕಾರುಗಳ ಕೆಳಗೆ ಹಾಸಲು ಸಹ ಬೇರೆಯೇ ಚಾಪೆ. ನಮ್ಮ ಹಳೆಯ ಗುಂಪಿನವರು ಹೆಚ್ಚಿನವರು ಬೇಲಿಯ ಆಚೆ ಪ್ರೇಕ್ಷಕರಾಗಿ ನಿಂತಿದ್ದರು. ಗ್ಯಾರೇಜಿನವರು ಜಯಂತರ ಬೆನ್ನು ತಟ್ಟಿ, "ನಮ್ಮ ಊರಿನ ಮರ್ಯಾದೆ ಉಳಿಸು ಮಾರಾಯ" ಎಂದರು. ನನಗೆ ಅವರ ಬಾಯಿ ಹೊಲಿದುಬಿಡೋಣ ಎನಿಸಿತು. ಆಕಾಶ ಬೆಳಗಿನಿಂದಲೇ ಕಪ್ಪು. ಗಾಳಿ ಒಂದಿಷ್ಟೂ ಇಲ್ಲ, ಒಂದು ಎಲೆ ಅಲ್ಲಾಡುವುದಿಲ್ಲ. ಪೂರ್ವಕ್ಕೆ ಘಟ್ಟದ ಕಡೆ ಗುಡುಗು ಗೊಣಗುತ್ತಿತ್ತು.

ಮೊದಲ ಓಟದಲ್ಲಿ ಮಾತು ಉಳಿಸಿಕೊಂಡರು. ಅಷ್ಟು ನಿಧಾನ ಹೋದೆವೆಂದರೆ ದಾರಿಬದಿಯಲ್ಲಿ ನಿಂತವರ ಮುಖ ಗುರುತಿಸಬಹುದಿತ್ತು. ಪಟ್ಟಿಯ ತಳದಲ್ಲಿ ನಮ್ಮ ಹೆಸರು. ಟ್ರೇಲರಿನ ಹುಡುಗನೊಬ್ಬ ಬಂದು ನಮ್ಮ ಕಾರಿನೊಳಗೆ ಇಣುಕಿ, "ಕೇಜ್ ಫಿನಿಶಿಂಗ್ ಸೂಪರ್ ಸಾರ್, ಎಲ್ಲಿ ಮಾಡಿಸಿದ್ದು?" ಎಂದು ಕೇಳಿದ. ಅವನಿಗೆ ನಿಜವಾಗಿಯೂ ಮೆಚ್ಚುಗೆಯಾಗಿತ್ತು, ತಮಾಷೆಯಲ್ಲ. ಜಯಂತ ಹೆಲ್ಮೆಟ್ಟು ಹಾಕಿಕೊಂಡರು. ಎರಡನೆಯ ಓಟದಲ್ಲಿ ಸ್ವಲ್ಪ ಜೋರು ಬಿಟ್ಟರು. ಸ್ವಲ್ಪವೇ. ಆ ದಾರಿಯಲ್ಲಿ ಎಲ್ಲಿ ಮಣ್ಣು ಗಟ್ಟಿ, ಎಲ್ಲಿ ಮೆತ್ತಗೆ ಎಂದು ಅವರಿಗೆ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ. ಹಳೆಯ ಎಂಟುನೂರು ಸಿಸಿ ಕಾರು ದೊಡ್ಡವರ ಸಾಲಿನ ಸಮೀಪಕ್ಕೆ ಬಂತು. ಬೇಲಿಯ ಆಚೆಯಿಂದ ಕೂಗು, ಸೀಟಿ. ನಾನೂ ನಕ್ಕೆ. ಹೇಗೆ ನಗದೇ ಇರಲಿ, ಅಷ್ಟು ಚಂದ ಓಡಿಸಿದ್ದರು.

ಅಲ್ಲಿಗೆ ನನಗೆ ಒಂದು ವಿಷಯ ಅರ್ಥವಾಗಬೇಕಿತ್ತು. ಪಂಜರ ಇಲ್ಲದ ವರ್ಷಗಳಲ್ಲಿ ಇದೇ ಮನುಷ್ಯ ಇದೇ ದಾರಿಯಲ್ಲಿ ಹೆದರಿ ಓಡಿಸುತ್ತಿದ್ದರು. ಸುತ್ತ ಉಕ್ಕಿನ ಪೈಪು ಬಂದ ಮೇಲೆ, ಅದರ ಗಂಟು ಸರಿಯಿಲ್ಲವೆಂದು ಗೊತ್ತಿದ್ದೂ, ಹೆದರಿಕೆ ಹೊರಟುಹೋಗಿತ್ತು. ತಲೆಗೆ ಗೊತ್ತಿದ್ದದ್ದು ಕಾಲಿಗೆ ಗೊತ್ತಾಗಲಿಲ್ಲ.

ಮೂರನೆಯ ಓಟಕ್ಕೆ ಸಾಲಿನಲ್ಲಿ ನಿಂತಾಗ ಮಳೆ ಶುರುವಾಯಿತು, ದೊಡ್ಡ ದೊಡ್ಡ ಹನಿ. ಕೆಂಪು ಮಣ್ಣಿನ ಮೇಲೆ ಮೊದಲ ನೀರು ಬಿದ್ದರೆ ಅದು ರಸ್ತೆಯಲ್ಲ, ಸೋಪು.

"ಸಾಕು ಮಾರಾಯ್ರೆ," ಎಂದೆ. "ಇಳಿಯುವ."

"ಇದೊಂದು. ಮತ್ತೆ ಈ ಜನ್ಮದಲ್ಲಿ ಇಲ್ಲಿ ಓಡಿಸಲಿಕ್ಕಿಲ್ಲ ನಾವು. ನಿನಗೂ ಗೊತ್ತುಂಟು."

ಗೊತ್ತಿತ್ತು. ಮರುವರ್ಷ ಇನ್ನೇನೋ ಹೊಸ ಸಾಮಾನು ಕಡ್ಡಾಯವಾಗುತ್ತದೆ, ಬೆಲ್ಟಿನ ತಾರೀಕು ಮುಗಿಯುತ್ತದೆ, ನಾವು ಬೇಲಿಯ ಆಚೆಗೆ ಹೋಗುತ್ತೇವೆ. ಬಾವುಟ ಬಿತ್ತು. ನಾನು ಓದತೊಡಗಿದೆ. ಒಂದು ಎಂದರೆ ತೀರಾ ಬಿಗಿ ತಿರುವು, ಆರು ಎಂದರೆ ಹೆಚ್ಚುಕಡಿಮೆ ನೇರ. ಎಡ ನಾಲ್ಕು. ಬಲ ಐದು, ಉದ್ದ. ಎಡ ಮೂರು, ಹೊಂಡ. ಶಾಲೆಯಲ್ಲಿ ಪದ್ಯ ಓದುವ ಹಾಗೆ ಒಂದೇ ಲಯದಲ್ಲಿ ಓದಿದೆ. "ಬಲ ಎರಡು, ನಿಧಾನ, ನಿಧಾನ" ಎಂದೆ. ಕಾರು ನಿಧಾನವಾಗಲಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟು, ಹೆದರಿಕೆಯಲ್ಲ. ಓದಿದ್ದನ್ನು ಕೇಳದ ಹುಡುಗರ ಮೇಲೆ ಬರುವ ಸಿಟ್ಟೇ. ತಲೆಯೆತ್ತಿದಾಗ ಎದುರಿಗೆ ರಸ್ತೆ ಇರಲಿಲ್ಲ, ಗೇರುಮರಗಳಿದ್ದವು.

ಮಗುಚಿದ್ದು ಒಂದೇ ಸಲವೋ ಎರಡು ಸಲವೋ ನನಗೆ ತಿಳಿಯದು. ನಿಂತಾಗ ನಾನು ಬೆಲ್ಟಿನಿಂದ ತೂಗುತ್ತಿದ್ದೆ. ಜಯಂತ ಕೆಳಗಿದ್ದರು. ವೈಪರ್ ಇನ್ನೂ ಓಡುತ್ತಿತ್ತು. ಅವರ ತಲೆಯ ಮೇಲಿನ ಅಡ್ಡ ಪೈಪು ಮುಂದಿನ ಕಂಬದಿಂದ ಬಿಟ್ಟು ಬಂದು, ಅವರ ಬಲತೋಳನ್ನು ಬಾಗಿಲಿಗೆ ಒತ್ತಿ ಹಿಡಿದಿತ್ತು. ಬಿಟ್ಟ ಜಾಗ ನನ್ನ ಕಣ್ಣೆದುರೇ ಇತ್ತು. ಮುರಿದ ಹಾಗಿರಲಿಲ್ಲ, ಕತ್ತರಿಯಿಂದ ಕತ್ತರಿಸಿದ ಹಾಗಿತ್ತು. ಅವರು ಕಿರುಚಲಿಲ್ಲ. "ಸುಮಾ, ಕೈ ಎಲ್ಲುಂಟು ನೋಡು" ಎಂದರು. ಆ ಮಾತು ಈಗಲೂ ಕೆಲವೊಮ್ಮೆ ಪಾಠದ ನಡುವೆ ಕೇಳಿಸುತ್ತದೆ.

ಕೈ ಇತ್ತು. ಭುಜದ ಮೂಳೆ, ಮೊಣಕೈ, ಒಳಗಿನ ನರ. ಮಣಿಪಾಲದ ಆಸ್ಪತ್ರೆಯಲ್ಲಿ ಆಪರೇಷನ್ ಮೇಲೆ ಆಪರೇಷನ್ ಮಾಡಿದರು. ಪಂಜರದ ಉಳಿದ ಗಂಟುಗಳು ನಿಂತಿದ್ದರಿಂದ ಚಾವಣಿ ಕುಸಿಯಲಿಲ್ಲ, ತಲೆಗೆ ಏನೂ ಆಗಲಿಲ್ಲ. ನನಗೆ ಮೊಣಕಾಲಲ್ಲಿ ಒಂದು ಗೀರು. ಮೂರನೆಯ ದಿನ ಸದಾಶಿವ ಮಾವ ಎಳನೀರು ಹಿಡಿದುಕೊಂಡು ಬಂದರು. ಮಂಚದ ಬದಿಯಲ್ಲಿ ನಿಂತು ಬ್ಯಾಂಡೇಜನ್ನೇ ನೋಡುತ್ತಿದ್ದರು.

"ಕೈ ಹೇಗಾದದ್ದು ಮಗಾ?"

"ಕಿಟಕಿಯಿಂದ ಹೊರಗೆ ಹೋಗಿತ್ತು ಮಾವ, ಮರಕ್ಕೆ ತಾಗಿತು," ಎಂದರು ಜಯಂತ. "ನಿಮ್ಮ ಪಂಜರ ಇಲ್ಲದಿದ್ದರೆ ಇವತ್ತು ನಾನು ಗೋಡೆಯ ಮೇಲೆ ಫೋಟೋದಲ್ಲಿ ಇರುತ್ತಿದ್ದೆ."

ಅದರಲ್ಲಿ ಅರ್ಧ ನಿಜ. ಮಾವ ನನ್ನ ಕಡೆ ನೋಡಿದರು. ನಾನು ಎಳನೀರನ್ನು ಲೋಟಕ್ಕೆ ಬಗ್ಗಿಸುವುದರಲ್ಲಿದ್ದೆ. "ಕಾರು?" ಎಂದು ಕೇಳಿದರು. ಗುಜರಿಯವರು ಒಯ್ದರು ಎಂದರು ಜಯಂತ. ನಿಜವಾಗಿ ಅದನ್ನು ಗ್ಯಾರೇಜಿನವರು ಎಳೆದು ತಂದು ಕಾಪುವಿನಲ್ಲಿ ನಮ್ಮ ಮೀನಿನ ಶೆಡ್ಡಿನ ಹಿಂದೆ ಹಾಕಿ ಟರ್ಪಾಲು ಹೊದೆಸಿದ್ದರು.

ದೀಪಾವಳಿ ಕಳೆಯಿತು, ಮಳೆ ಕೊನೆಗೂ ನಿಂತಿತು. ವ್ಯಾನು ಓಡಿಸಲು ಒಬ್ಬ ಚಾಲಕನನ್ನು ಇಟ್ಟೆವು. ಜಯಂತರ ಬಲಗೈಯ ಮೂರು ಬೆರಳು ಮಡಚುವುದನ್ನು ಮರೆತಿದ್ದವು. ಚಾವಡಿಯಲ್ಲಿ ಕೂತು ರಬ್ಬರಿನ ಚೆಂಡು ಹಿಸುಕುವುದೇ ದಿನದ ಕೆಲಸ. ಮಾವ ವಾರಕ್ಕೊಮ್ಮೆ ಬರುತ್ತಿದ್ದವರು ಬರುವುದು ನಿಲ್ಲಿಸಿದರು. ಫೋನು ಮಾಡಿದರೆ ಕೆಲಸ ಉಂಟು ಎನ್ನುವರು. ನನಗೆ ಒಳಗೊಳಗೇ ಏನೋ ಹತ್ತಿರ ಬರುತ್ತಿದೆ ಎನಿಸುತ್ತಿತ್ತು. ಬಾಗಿಲಿನ ಸದ್ದಾದರೆ ಬೆಚ್ಚುತ್ತಿದ್ದೆ.

ಡಿಸೆಂಬರಿನ ಒಂದು ಇಳಿಹೊತ್ತಿನಲ್ಲಿ ಮಾವ ಬಂದರು. ಚಪ್ಪಲಿ ಬಿಡದೆ ಮೆಟ್ಟಿಲಿನ ಹತ್ತಿರವೇ ನಿಂತರು. ಚಹಾ ಎಂದರೆ ಬೇಡವೆಂದರು.

"ಕಾರು ಗುಜರಿಗೆ ಹೋಯಿತು ಅಂತ ಹೇಳಿದಿ, ಅಲ್ವಾ?"

"ಹೌದು ಮಾವ," ಎಂದರು ಜಯಂತ.

"ಶೆಡ್ಡಿನ ಹಿಂದೆ ಉಂಟು. ಈಗ ಟರ್ಪಾಲು ತೆಗೆದು ನೋಡಿ ಬಂದೆ."

ಜಯಂತರ ಕೈಯಿಂದ ಚೆಂಡು ಜಾರಿ ಅಂಗಳಕ್ಕೆ ಉರುಳಿತು. ಯಾರೂ ಅದನ್ನು ಹೆಕ್ಕಲಿಲ್ಲ. ಮಾವ ನನ್ನ ಕಡೆ ತಿರುಗಿದರು.

"ಸುಮಾ, ನೀನು ಮಕ್ಕಳಿಗೆ ಪಾಠ ಹೇಳುವವಳು. ಸರಿಯಾಗಿ ಹೇಳು. ಆ ಗಂಟು ಯಾಕೆ ಬಿಟ್ಟದ್ದು?"

ಜಯಂತ ಬೇಡವೆಂದು ಕಣ್ಸನ್ನೆ ಮಾಡಿದರು. ನನಗೆ ಸಾಕಾಗಿತ್ತು. ಹೇಳಿಬಿಟ್ಟೆ. ಪ್ರಸಾದಣ್ಣ ಮಣಿಪಾಲದಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಮಾವ ಕೈಕಟ್ಟಿಕೊಂಡು ಕೇಳಿದರು.

"ಉಜ್ಜಿದ್ದಕ್ಕಾ?"

"ಹೌದು ಮಾವ."

"ಉಜ್ಜದೆ ಬಿಟ್ಟಿದ್ದರೆ ನಿಲ್ಲುತ್ತಿತ್ತಾ?"

"ನಿಲ್ಲುತ್ತಿತ್ತಂತೆ."

ಅಳುತ್ತಾರೆ, ಇಲ್ಲವೇ ನಮ್ಮನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ಜಯಂತ ಎದ್ದು ಹತ್ತಿರ ಹೋಗಿ, "ಆದದ್ದು ಆಯಿತು ಮಾವ, ಕೈ ಸರಿಯಾಗ್ತಾ ಉಂಟು, ನೋಡಿ" ಎಂದು ಬೆರಳು ಮಡಚಿ ತೋರಿಸಲು ಹೆಣಗಿದರು. ಮಾವ ಆ ಕೈಯನ್ನು ನೋಡಲೇ ಇಲ್ಲ. ಅವರ ದೃಷ್ಟಿ ತೆಂಗಿನಮರಗಳ ನಡುವೆ, ಕಡಲು ಕಾಣುವ ಕಡೆಗೆ ನೆಟ್ಟಿತ್ತು.

"ಈ ಸಲ ಎಲ್ಲ ಬೋಟಿನ ಮಾಲಕರಿಗೂ ತೆಳು ಪೈಪೇ ಬೇಕಿತ್ತು," ಎಂದರು, ನಮಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. "ಕಬ್ಬಿಣಕ್ಕೆ ರೇಟು ಏರಿದೆ, ದಪ್ಪದ್ದು ಹಾಕಿದರೆ ಪೂರೈಸುವುದಿಲ್ಲ ಅಂತ. ಬಲೆ ಎತ್ತುವ ಕಮಾನಿಗೂ ಅದನ್ನೇ ಹಾಕಿದ್ದು. ಅದರ ಕೆಳಗೇ ಹುಡುಗರು ನಿಲ್ಲುವುದು." ತಮ್ಮ ಅಂಗೈ ಮಗುಚಿ ನೋಡಿಕೊಂಡು, "ಎಲ್ಲ ನಾನೇ ಉಜ್ಜಿದ್ದು. ಬಲೆ ಎಳೆದು ನೋಡಿಯೇ ಬಿಟ್ಟದ್ದು" ಎಂದರು.

"ಆ ಬೋಟುಗಳೆಲ್ಲ ಈಗ ಎಲ್ಲಿ ಮಾವ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

ಮಾವ ಮೆಟ್ಟಿಲ ಮೇಲೆ ಕೂತರು. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಒಂದು ಬೋಟಿನವರ ಹೆಸರು ಹುಡುಕಿ ಒತ್ತಿದರು. ಸ್ಪೀಕರ್ ಹಾಕಿತ್ತು. ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸಿನ ಧ್ವನಿ ತಿಳಿಸಿತು. ಮಾವ ಅದನ್ನು ಪೂರ್ತಿ ಕೇಳಿ, ಮುಂದಿನ ಹೆಸರು ಒತ್ತಿದರು.